ಇಲ್ಲದ ದಾರಿಯಲ್ಲಿ ಮೊದಲು

ನಾಲ್ಕು ನಿಮಿಷ ಹನ್ನೊಂದು ಸೆಕೆಂಡು.
ವೇಲ್ಸಿನ ಈ ಆವನ್ ಕಣಿವೆಯ ಹಳೇ ಇಳಿಜಾರಿನಲ್ಲಿ
ಇವತ್ತಿಗೂ ನಾನೇ ಮೊದಲು.
ಬೇಕಾದರೆ ಫೋನು ತೆರೆದು ನೋಡಿ:
ಪಟ್ಟಿಯ ನೆತ್ತಿಯಲ್ಲೊಂದು ಪುಟ್ಟ ಕಿರೀಟ,
ಕೆಳಗೆ ಎಲಿನೆಡ್ ಪ್ರೋಸರ್, ವಯಸ್ಸು ಮೂವತ್ತೆಂಟು.
ಈಗ ನಲವತ್ತಾರು. ಪಟ್ಟಿಗದು ಗೊತ್ತಿಲ್ಲ.

ಆ ವರ್ಷಗಳಲ್ಲಿ ಕಾಡು ನೋಡಿದವರೇ ಅಲ್ಲ ನಾವು.
ಕಾಡೆಂದರೆ ಕಣ್ಣಂಚಿನಲ್ಲಿ ಎಳೆದ ಹಸಿರು ಗೀರು.
ಬೇರೆಂದರೆ ಅರ್ಧ ಸೆಕೆಂಡು ನಷ್ಟ,
ಮಳೆಯೆಂದರೆ ಎರಡು,
ಎದುರು ಬಂದ ಮುದುಕ, ಅವನ ಕುಂಟು ನಾಯಿ
ಆ ದಿನದ ಲೆಕ್ಕವೇ ಬೇಡ.

ಚಾಪೆಲ್ಲಿನ ಹಿಂದೆ ನನ್ನ ಸೈಕಲ್ ರಿಪೇರಿ ಅಂಗಡಿ.
ಮೈರಿಗ್ ಬಂದು ಗಂಟೆ ಬಿಚ್ಚಿಸಿ ಎಸೆದ,
ಬೋಲ್ಟುಗಳನ್ನೆಲ್ಲ ಟೈಟಾನಿಯಂಗೆ ಬದಲಿಸಿದ.
ಅರವತ್ತು ಗ್ರಾಂ ಉಳಿಯಿತು ನೋಡು, ಎಂದವನು
ಪಕ್ಕದಂಗಡಿಗೆ ಹೋಗಿ ಎರಡು ಪೈ ತಿಂದ.

ರಾತ್ರಿ ದಿಂಬಿನಡಿ ಫೋನು ಗುರ್ರೆಂದರೆ ಎದೆ ಧಸಕ್ಕೆನ್ನುತ್ತಿತ್ತು:
ನಿಮ್ಮ ಕಿರೀಟ ಹೋಯಿತು!
ಬ್ರಿಸ್ಟಲ್ಲಿನ ಯಾವಳೋ, ಬರೇ ಒಂದು ಸೆಕೆಂಡಿಗೆ.
ಬೆಳಕು ಹರಿಯುವ ಮೊದಲೇ ಗುಡ್ಡ ಹತ್ತಿ
ಬ್ರೇಕಿಗೆ ಬೆರಳು ತಾಕಿಸದೆ ಇಳಿದೆ.
ಕೊರಳೆಲುಬು ಹೋಯಿತು, ಕಿರೀಟ ಬಂತು.
ಎಷ್ಟು ಜೋರಿತ್ತು, ಎಂದಳು ನರ್ಸು.
ದಶಾಂಶದ ಸಮೇತ ಹೇಳಿದೆ.

ತಾತನ ಕಾಲದಲ್ಲೂ ಇತ್ತು ಇಲ್ಲೊಂದು ಹಲಗೆ.
ಗಣಿಯ ಬಾಯಲ್ಲಿ ಮೊಳೆಗಳ ಸಾಲು,
ಮೊಳೆಗೊಂದು ಹಿತ್ತಾಳೆ ಬಿಲ್ಲೆ, ಬಿಲ್ಲೆಗೊಂದು ನಂಬರು.
ಅವನದು ಇನ್ನೂರ ಏಳು.
ಇಳಿಯುವಾಗ ಒಯ್ಯಬೇಕು, ಮೇಲೆ ಬಂದು ತೂಗಹಾಕಬೇಕು.
ಮೊದಲು ಬಂದವನ ಕಡೆ ಯಾರೂ ನೋಡುತ್ತಿರಲಿಲ್ಲವಂತೆ,
ಎಲ್ಲರ ಕಣ್ಣೂ ಖಾಲಿ ಮೊಳೆಯ ಮೇಲೆ.
ಆ ಬಿಲ್ಲೆ ಈಗ ನನ್ನ ಡಬ್ಬಿಯಲ್ಲಿದೆ, ವಾಷರುಗಳ ನಡುವೆ.
ಒಮ್ಮೆ ಅವಸರದಲ್ಲಿ ಯಾರದೋ ಚಕ್ರಕ್ಕೆ
ಹಾಕಿಯೇಬಿಡುವವಳಿದ್ದೆ.

ಆಮೇಲೆ ಲಾರ್ಚ್ ಮರಗಳಿಗೆ ರೋಗ ತಗುಲಿತು.
ಗುಡ್ಡಕ್ಕೆ ಗುಡ್ಡವೇ ಬೋಳು.
ಮರ ಸಾಗಿಸುವ ಯಂತ್ರಗಳು ನನ್ನ ನಾಲ್ಕು ನಿಮಿಷಗಳನ್ನು
ಕೆಸರಿನಲ್ಲಿ ಕಲಸಿ ಹೋದವು.
ಎರಡು ವರ್ಷಕ್ಕೆ ಹೊಸ ದಾರಿ ಬಂತು,
ಬೇರೆ ಮಗ್ಗುಲು, ಬೇರೆ ತಿರುವು, ಬೇರೆ ಪಟ್ಟಿ.
ಹಳೆಯದು ಫೋನಿನಲ್ಲಿ ಹಾಗೇ ನಿಂತಿದೆ.
ನನ್ನನ್ನಿನ್ನು ಸೋಲಿಸುವವರಿಲ್ಲ.
ನನ್ನಿಂದಲೂ ಆಗದು.

ಹದಿನೇಳರ ಹುಡುಗರು ಪಟ್ಟಿಯೆಂದರೆ ನಗುತ್ತಾರೆ,
ಅದು ಅಪ್ಪಂದಿರ ಚಟವಂತೆ.
ಒಂದೇ ಮಣ್ಣಗುಡ್ಡೆಯ ಮೇಲೆ ಸಂಜೆಯಿಡೀ ಹಾರುತ್ತಾರೆ
ಎಲ್ಲಿಗೂ ಹೋಗದೆ.
ಮೊನ್ನೆ ಮೈರಿಗ್ ಗಂಟೆ ಕೇಳಿಕೊಂಡು ಬಂದ.
ದೊಡ್ಡದು ಬೇಕು, ಹಿತ್ತಾಳೆಯದು.
ತೂಕ? ಎಂದೆ, ಕೆಣಕಲು.
ಉತ್ತರಿಸದೆ ಒಮ್ಮೆ ಬಾರಿಸಿದ,
ಸದ್ದು ಪೂರಾ ಅಡಗುವ ತನಕ ಕಿವಿಗೊಟ್ಟು
ಮತ್ತೆ ಬಾರಿಸಿದ.

ಕಳೆದ ಭಾನುವಾರ ಫೋನನ್ನು ಬೆಂಚಿನ ಮೇಲೇ ಬಿಟ್ಟು
ಸೈಕಲ್ ತಳ್ಳಿಕೊಂಡು ಹಳೇ ದಾರಿ ಹುಡುಕಿ ಹೋದೆ.
ಬರ್ಚ್ ಸಸಿಗಳು ಆಗಲೇ ನನ್ನ ಸೊಂಟಕ್ಕೆ ಬಂದಿವೆ.
ನಾನು ಬಿದ್ದ ತಿರುವಿರಬೇಕಾದ ಕಡೆ
ಒಂದು ಹೊಂಡ, ನೀರ ಮೇಲೆ ಎರಡು ಕೊಡತಿ ಹುಳ.
ಬಿಲ್‌ಬೆರಿ ಕಿತ್ತು ತಿಂದು ನಾಲಗೆ ನೀಲಿಯಾಯಿತು.
ನಾಲ್ಕು ನಿಮಿಷದ ಇಳಿಜಾರಿಗೆ ಒಂದೂವರೆ ಗಂಟೆ.

ಹಾಗಂತ ಸನ್ಯಾಸಿನಿಯಾದೆ ಎಂದುಕೊಳ್ಳಬೇಡಿ.
ಮರಳುವಾಗ ಹೊಸ ದಾರಿ ನಿರ್ಜನವಾಗಿತ್ತು,
ಮಣ್ಣು ಹದವಾಗಿತ್ತು,
ಬೆರಳು ತಾವಾಗಿಯೇ ಬ್ರೇಕು ಬಿಟ್ಟವು.
ಹಾಳು ಬಾಯಿ ಒಳಗೊಳಗೇ ಎಣಿಸುತ್ತಿತ್ತು,
ನೂರು, ನೂರೈವತ್ತು,
ಇನ್ನೂರ ಆರು

ದಾರಿಯ ನಟ್ಟನಡುವೆ ಒಂದು ಒದ್ದೆ ಕುರಿ.
ಕಿರ್ರೆಂದು ನಿಂತೆ.
ಅದು ನನ್ನನ್ನು ನೋಡಿತು,
ಮೆಲುಕು ನಿಲ್ಲಿಸಲಿಲ್ಲ.