ಮಸಿಗೋಡೆ

ದಾವಣಗೆರೆಯಲ್ಲಿ ಬೆಳಗಿನ ಜಾವ ಮೂರಕ್ಕೇ ಹೊತ್ತುವ ಮಂಡಕ್ಕಿ ಭಟ್ಟಿ
ಹನ್ನೆರಡಕ್ಕೆ ತಣಿಯುತ್ತದೆ. ಆಮೇಲೆ ಎರಡರವರೆಗೆ
ಈ ತಗಡಿನ ಸೂರು ನನ್ನದು.
ಶಾಲೆ ಅನ್ನುವಂತಿಲ್ಲ. ಗಂಟೆಯಿಲ್ಲ, ಬೆಂಚಿಲ್ಲ,
ಹಾಜರಿ ಪುಸ್ತಕ ಮಾತ್ರ ಇದೆ, ಸಂಸ್ಥೆಯವರು ಕೊಟ್ಟಿದ್ದು.

ಮೊದಲ ದಿನ ಚಾರ್ಟು ತಂದಿದ್ದೆ.
ಅ ಅರಸ. ಆ ಆನೆ.
ಹತ್ತೊಂಬತ್ತು ಮಕ್ಕಳು, ರೆಪ್ಪೆಯ ಮೇಲೂ ಹೊಟ್ಟಿನ ದೂಳು,
ಬಸ್ಸು ಕೆಟ್ಟು ನಿಂತ ಊರಲ್ಲಿ ಜನ ಕೂತಂತೆ ಕೂತವು.

ನಾಲ್ಕನೆಯ ದಿನ ಜೈನಾಬಿ ಅಜ್ಜಿ,
ಜರಡಿ ನಿಲ್ಲಿಸದೆ:
‘ಅರಸ ಇಲ್ಲಿ ಯಾವನೂ ಬರಲ್ಲ ಟೀಚರಮ್ಮಾ.
ಬಂದ್ರೆ ಸಾಹುಕಾರ ಬರ್ತಾನೆ, ಮೂಟೆ ಎಣಸಾಕೆ.’
ಅಷ್ಟರಲ್ಲಿ ಮುನೀರಾಳ ಮಡಿಲಲ್ಲಿ ಅವಳ ತಮ್ಮ ಕೊಸರಿದ:
‘ಪಾನಿ.’

ಪಾನಿ.
ಜಗಳೂರಿನಾಚೆ ನಮ್ಮ ತಾಂಡಾದಲ್ಲಿ ಅದು ಪಾಣಿ.
ಒಂದನೇ ಕ್ಲಾಸಿನಲ್ಲಿ ಎದ್ದು ನಿಂತು ಒಂದೇ ಸಲ ಅಂದಿದ್ದೆ,
ಇಡೀ ಕೋಣೆ ನಕ್ಕಿತು, ಮೇಷ್ಟ್ರೂ.
ಬಾಯಾರಿಕೆಗೆ ಯಾಡಿ ಕೊಟ್ಟ ಮಾತು ಅದೊಂದೇ ಇತ್ತು.
ನೀರು ಅನ್ನುವುದು ನನಗೆ ಬಂದದ್ದು ಮಹಾನವಮಿ ರಜೆ ಕಳೆದ ಮೇಲೆ;
ಅಲ್ಲಿಯವರೆಗೆ ನಾಲಿಗೆ ಒಣಗಿಸಿಕೊಂಡು ಕೂತಿದ್ದೆ
ಕೊಡದ ಪಕ್ಕದಲ್ಲೇ.

ಚಾರ್ಟು ಸುತ್ತಿಟ್ಟೆ.
ಇಪ್ಪತ್ತು ವರ್ಷದ ಮಸಿ ಮೆತ್ತಿದ ಗೋಡೆ ಇದು,
ಒದ್ದೆ ಬೆರಳು ಎಳೆದರೆ ಒಳಗಿನ ಸುಣ್ಣ ಕಾಣುತ್ತದೆ.
ಪಾ ಬರೆದೆ. ನಿ ಬರೆದೆ.
ಇದು ನಿಂದೇ ಮಾತು, ಓದು, ಅಂದೆ.
ಮುನೀರಾ ಓದಲಿಲ್ಲ. ಮುಟ್ಟಿ ನೋಡಿದಳು,
ಒದ್ದೆಯಿದೆಯಾ ಅಂತ.

ಈಗ ಎಲ್ಲಕ್ಕೂ ಕೈಕು, ಕೈಕು.
ಕ-ಗೆ ಕೊಂಬು ಕೈಕು, ಅದೇನು ಎತ್ತಾ?
ನಾನು ಮಂಡಕ್ಕಿ ಅನ್ನುವುದು ಅವರಿಗೆ ಮುರ್‌ಮುರೆ,
ಹುಬ್ಬಳ್ಳಿ ಲಾರಿಯ ಡ್ರೈವರನಿಗೆ ಚುರುಮುರಿ.
ಒಂದೇ ಮೂಟೆಗೆ ಮೂರು ಚೀಟಿ ಬರೆದು ಅಂಟಿಸಿದರು.
ಸಾಹುಕಾರ ಕಿತ್ತುಹಾಕಿದ, ಲೆಕ್ಕ ತಪ್ಪುತ್ತದಂತೆ.

ಮೊನ್ನೆ ತಪಾಸಣೆಗೆ ಬಂದವರು
ಗೋಡೆ ನೋಡಿ ಕನ್ನಡಕ ಒರೆಸಿಕೊಂಡರು.
‘ಅಕ್ಷರವೇನೋ ಕನ್ನಡ. ಮಾತು ಯಾವುದ್ರೀ ಇದು?
ಇದನ್ನೆಲ್ಲ ಅಳಿಸಿ, ಮೊದಲು ಅ ಆ ಇ ಈ ಆಗಲಿ.’
ನಾನು ಪುಸ್ತಕ ತಿರುವುತ್ತ ನಿಂತೆ.
ದಸ್ತಗೀರ, ಐದು ತಿಂಗಳಲ್ಲಿ ತುಟಿ ಬಿಚ್ಚದವ,
ಎದ್ದ. ಬೆರಳು ನೆಕ್ಕಿಕೊಂಡ.
ಅವರ ಬಿಳಿ ಅಂಗಿಗೆ ತಾಗುವಷ್ಟು ಹತ್ತಿರ
ಅವಸರವಿಲ್ಲದೆ ಬರೆದ:
ನಕೊ.

ನಕ್ಕೊ. ಒತ್ತು ಬಿಟ್ಟಿದ್ದ.
ನಾಳೆ ಹೇಳಿಕೊಡೋಣ ಅಂದುಕೊಂಡೆ.
ಎರಡಾಗಿತ್ತು,
ಭಟ್ಟಿಗೆ ಹೊಟ್ಟು ಸುರಿಯತೊಡಗಿದ್ದರು.