ಒದ್ದೆ ಸೊಪ್ಪು

ಕಡಲು ನಮ್ಮೂರಿಗೆ ಎಷ್ಟು ದೂರ ಅಂತ
ಮೊನ್ನೆಯವರೆಗೆ ಯಾರೂ ಕೇಳಿರಲಿಲ್ಲ.
ಮದರಾಸಿನಾಚೆ ಎಲ್ಲೋ ಎದ್ದ ತುಫಾನು
ಘಟ್ಟ ಹತ್ತಿ, ಆಂಧ್ರದ ಗಡಿ ದಾಟಿ,
ಶಿಡ್ಲಘಟ್ಟದ ಬಸ್ಸೇ ನೆಟ್ಟಗೆ ಬಾರದ ನಮ್ಮ ಬೀದಿಗೆ
ದಾರಿ ಕೇಳದೆ ಬಂತು.
ಅದಕ್ಕೊಂದು ಹೆಸರೂ ಇಟ್ಟಿದ್ದರಂತೆ.
ಟೀವಿಯವನು ಅದನ್ನು ಹೇಳುವಷ್ಟರಲ್ಲಿ ಕರೆಂಟು ಹೋಯಿತು.

ಮೂರು ರಾತ್ರಿ.
ನಾಲ್ಕನೆಯ ಬೆಳಗ್ಗೆ ಮಳೆ ನಿಂತಾಗ
ಮೊದಲು ಕೇಳಿಸಿದ್ದು
ಹುಳದ ಮನೆಯ ಮೌನ.

ನಾಲ್ಕನೇ ಜ್ವರ ಬಿಟ್ಟೆದ್ದ ಹುಳ, ಇನ್ನೂರು ಮೊಟ್ಟೆಯದು,
ತಲೆಯೆತ್ತಿ ಗಾಳಿಯನ್ನೇ ತಡಕುತ್ತಿದ್ದವು.
ಈ ಏಳು ದಿನದ ಹಸಿವೇ ನಾಳೆ ಗೂಡಿನ ತೂಕ.
ಒದ್ದೆ ಸೊಪ್ಪು ತಿಂದರೆ ಸಪ್ಪೆ ರೋಗ,
ತಿನ್ನದಿದ್ದರೆ ರೋಗವೂ ಬೇಡ.
ತೋಟದಲ್ಲಿ ಮೊಳಕಾಲುದ್ದ ನೀರು,
ಒಂದೊಂದು ಎಲೆಯ ಮೇಲೂ
ಎಲ್ಲಿಯದೋ ಕಡಲಿನ ಒಂದೊಂದು ಚೂರು.

ಅದಕ್ಕೇ ಒರೆಸಿದೆವು.
ಕೇಳಿದವರು ನಗಲಿ. ಊರಿಗೆ ಊರೇ ಕೂತು
ಎಲೆ ಒರೆಸಿತು.
ಹಳೇ ಪಂಚೆ, ಹರಿದ ಲಂಗ, ಮಾವನ ಟವೆಲ್ಲು.
ಬಾಣಂತಿ ಗಂಗುಲಮ್ಮ ತೊಟ್ಟಿಲ ಬಟ್ಟೆ ಕೊಟ್ಟಳು,
ವಾಪಸ್ಸು ಕೊಡಬೇಕು ಅಂತ ಹೇಳಿಯೇ ಕೊಟ್ಟಳು.
ಈಗ ಅವು ಹಸಿರಾಗಿವೆ. ಹೇಗೆ ಕೊಡುವುದು?
ಇಸ್ಕೂಲಿನ ಬೀಗ ತೆಗೆಸಿ
ಬೆಂಚಿನ ಮೇಲೆ, ನೆಲದ ಮೇಲೆ ಸೊಪ್ಪು ಹರಡಿದೆವು.
ಕರಿಹಲಗೆಯ ಮೇಲೆ ಇನ್ನೂ ಸೋಮವಾರ.
ಹಾಜರಿ ನಲವತ್ತೊಂದು.

ಪೇಟೆಯಿಂದ ಫಿಲೇಚರ್ ಅಮೀರ್ ಜಾನ್
ಗೂಡ್ಸ್ ಆಟೋದಲ್ಲಿ ಜನರೇಟರ್ ಹೇರಿಕೊಂಡು ಬಂದ,
ಎರಡು ಫ್ಯಾನು, ಒಂದು ಕ್ಯಾನು ಡೀಸೆಲ್.
ಅವನ ಸೌದೆಯೂ ನೆಂದು ಒಲೆ ತಣ್ಣಗಾಗಿತ್ತು.
"ಪುಣ್ಯಕ್ಕೆ ಅಲ್ಲಮ್ಮ" ಅಂದ,
"ನಿಮ್ಮ ಹುಳ ಸತ್ತರೆ ನಾನು ಏನು ಬೇಯಿಸಲಿ?"
ಆ ಮಾತಿಗೆ ಮೂರು ದಿನದಲ್ಲಿ ಮೊದಲ ಸಲ
ನಮ್ಮತ್ತೆ ನಕ್ಕರು.

ಬ್ಯಾಟಪ್ಪ ಮಾತ್ರ ನಗಲಿಲ್ಲ.
ಅವನ ಶೆಡ್ಡಿನ ತಗಡು ಯಾರದೋ ದ್ರಾಕ್ಷಿ ಚಪ್ಪರದಲ್ಲಿ ಸಿಕ್ಕಿತು.
ತಟ್ಟೆಗಳನ್ನು ಒಬ್ಬನೇ ಹೊತ್ತು,
ಗುಂಡಿ ತೋಡಿ, ಸುಣ್ಣ ಸುರಿದು,
ಎಲ್ಲ ಮುಚ್ಚಿ ಬಂದ.
ನಾಡಕಚೇರಿಯವರು ಬಂದಾಗ
ಗೋಡೆ ಬರೆದರು, ಹಸು ಬರೆದರು,
ಹುಳಕ್ಕೆ ಕಾಲಂ ಇಲ್ಲ ಅಂದರು.
ಹೌದಾ ಅಂದ, ಅಷ್ಟೇ.

ಸಂಜೆ ನಮ್ಮ ಬಾಗಿಲಲ್ಲಿ ನಿಂತಿದ್ದ.
ಒಳಗೆ ಬಾ ಅಂದೆ.
"ಬೇಡಕ್ಕ, ಕೈಯಲ್ಲಿ ರೋಗ ಇರ್ತದೆ.
ಸೊಪ್ಪೂ ಮುಟ್ಟಲ್ಲ, ಹುಳಾನೂ ಮುಟ್ಟಲ್ಲ."
ಹೊರಗೆ, ಜನರೇಟರ್ ಪಕ್ಕ,
ಗೋಡೆಗೆ ಒರಗಿ ಕೂತ.
ರಾತ್ರಿಯೆಲ್ಲ ಅದಕ್ಕೆ ಡೀಸೆಲ್ ಕುಡಿಸಿದ,
ಮಗುವಿಗೆ ಒಳಲೆಯಲ್ಲಿ ಹಾಲು ಹಾಕುವ ಹಾಗೆ,
ಒಂದು ಹನಿ ಚೆಲ್ಲದೆ.

ಯಾವ ಜಾವವೋ, ಡೀಸೆಲ್ ಮುಗಿದು
ಸದ್ದು ಥಟ್ಟನೆ ನಿಂತಿತು.
ಆಗ ಕೇಳಿಸಿತು ಅದು.
ಮೊದಲು ತುಂತುರು,
ಆಮೇಲೆ ಸೋನೆ,
ಆಮೇಲೆ ತಟ್ಟೆಯಿಂದ ತಟ್ಟೆಗೆ ಹಬ್ಬಿ
ಮನೆಯೊಳಗೆಲ್ಲ ಒಂದೇ ಸಮನೆ.

ಮಗಳು ಧಡಕ್ಕನೆ ಎದ್ದು ಕೂತಳು.
"ಅಮ್ಮಾ, ಮತ್ತೆ ಬಂತು."
ತುಫಾನಿನ ರಾತ್ರಿಯಿಂದ ತಬ್ಬಿಕೊಂಡೇ ಮಲಗುವ ಚೀಲವನ್ನು
ಆಗಲೇ ಹೆಗಲಿಗೆ ಹಾಕಿದ್ದಳು.
ಮಳೆ ಅಲ್ಲ ಕಣೇ, ಹುಳ ಮೇಯ್ತಿರೋದು ಅಂದೆ.
ನಂಬಲಿಲ್ಲ.
ಕಿಟಕಿಯ ಸರಳಿನಾಚೆ ಕೈ ಚಾಚಿ
ಬಹಳ ಹೊತ್ತು ಹಿಡಿದಳು.
ಆಮೇಲೆ ಒಣ ಅಂಗೈಯನ್ನು
ನನ್ನ ಕೆನ್ನೆಗೆ ಒತ್ತಿ ತೋರಿಸಿದಳು.

ಗೋಡೆಯಾಚೆಯಿಂದ, ಕತ್ತಲಲ್ಲಿ,
ಬ್ಯಾಟಪ್ಪ ಕೇಳಿದ:
"ತಿಂತಾವಾ?"

ತಿಂತಾವೆ, ಅಂದೆ.