ಅರ್ಧ ಗ್ಲಾಸ್ ನೀರು

ಐದೂವರೆಗೇ ಬಾ ಅಂದಿದ್ದರು ಸುಗುಣಾ ಸಿಸ್ಟರ್.
ಮೊದಲ ಪಾಳಿಯವರು ಬರುವ ಮುಂಚೆ
ಕೊರೆಯುವುದು, ಒರೆಸುವುದು ಎರಡೂ ಮುಗಿಯಬೇಕು.

ಬೀದರಿನ ಹಳೇ ಗೋಡೆ. ಎರಡು ಮೊಳ ಜಂಬಿಟ್ಟಿಗೆ.
ಡ್ರಿಲ್ ಇಟ್ಟರೆ ಖಾರಪುಡಿಯಂಥ ಧೂಳು.
ಒದ್ದೆ ಬಟ್ಟೆ ಹಿಡಿದ ವೈಜಿನಾಥ ಕೆಳಗಿಂದ
“ಜರಾ ಸಾವಕಾಶ್ರಿ, ಗ್ವಾಡಿ ನಮ್ಮಜ್ಜನಕಿಂತ ಹಿರೇದದ.”
ರೌಟರು ಆಚೆ ಆಫೀಸಿನಲ್ಲಿ. ಅದರ ದನಿ
ಈ ಕಲ್ಲು ದಾಟುವುದರೊಳಗೆ ಸುಸ್ತು.
ಅದಕ್ಕೇ ನಾನು, ನನ್ನ ನೀಲಿ ಕೇಬಲ್ಲು,
ರೊಟ್ಟಿಯಗಲದ ಈ ಬಿಳಿ ಡಬ್ಬಿ.

ಒಂದನೇ ಚಾನೆಲ್ಲಿನಲ್ಲಿ ಔಷಧಿ ಅಂಗಡಿ,
ಆರರಲ್ಲಿ ಎದುರಿನ ಲಾಡ್ಜು.
ಹನ್ನೊಂದು ಖಾಲಿ ಇತ್ತು, ಟವಲು ಹಾಕಿದೆ.

ಬಂದರು. ಐದು ಮಂಚ, ಐದು ಯಂತ್ರ.
ತೋಳಿಂದ ಹೊರಟ ಕೆಂಪು ನಳಿಗೆ ಸುತ್ತು ಹೊಡೆದು
ಮತ್ತೆ ತೋಳಿಗೇ. ನಾಲ್ಕು ತಾಸು.
ಸ್ಟೂಲಿನ ಮೇಲಿಂದ, “ವೈರಿನ ಗೊಡವೆಯೇ ಇಲ್ಲ ನೋಡ್ರಿ”
ಎನ್ನಲು ಹೊರಟವನು
ನಾಲಿಗೆ ಕಚ್ಚಿಕೊಂಡೆ.

ಹೆಸರೇನು, ಕೇಳಿತು ಫೋನು.
ಆಫೀಸಿನ ಚೀಟಿಯಲ್ಲಿದ್ದದ್ದು: ಡಯಾಲಿಸಿಸ್ ವಾರ್ಡ್.
ಮೂರನೇ ಮಂಚದ ಗುಂಡಮ್ಮ ಬಿಡುವಿದ್ದ ಕೈ ಎತ್ತಿ,
“ತಮ್ಮಾ, ಅದು ರೋಡಿನ ಮ್ಯಾಲ ಹೋಗೋರಿಗೂ ಕಾಣ್ತದೇನು?”
“ಕಾಣ್ತದ್ರಿ.”
“ಮತ್ತ ನಮ್ಮ ಬ್ಯಾನಿ ಹೆಸರು ಊರ ಮಂದಿ ಫೋನಿನ್ಯಾಗ ಯಾಕ?
ಬೀಗರಿಗೇ ಹೇಳಿಲ್ಲ ನಾ.”

ಕೈ ನಿಂತಿತು.
ರಿಯಾಜೋದ್ದೀನ್ ಸಾಹೇಬರು, ಮೂವತ್ತು ವರ್ಷ ಕಂಡಕ್ಟರು,
“ರೈಟ್ ರೈಟ್ ಅಂತ ಇಡ್ರಿ” ಅಂದರು.
ಕಿಟಕಿ ಕಡೆಯ ಹುಡುಗಿ, ಡಿಗ್ರಿ ಎರಡನೇ ವರ್ಷ,
ಕಣ್ಣು ಮುಚ್ಚಿಕೊಂಡೇ: “ಅರ್ಧ ಗ್ಲಾಸ್ ನೀರು.”
ಎಲ್ಲರಿಗೂ ನಗು. ಯಾರದೋ ತೋಳು ಅಲುಗಿ
ಯಂತ್ರ ಕಿರುಚಿತು, ಸಿಸ್ಟರ್ ಓಡಿ ಬಂದರು,
ಬೈದರು, ಅವರೂ ನಕ್ಕರು.

ಕನ್ನಡದಲ್ಲಿ ಬರೆದೆ, ಹಿಡಿಸಲಿಲ್ಲ.
ಅಷ್ಟು ಜಾಗವಿಲ್ಲವಂತೆ ಅದಕ್ಕೆ.
ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ ಕೂರಿಸಿದೆ.
ಪಾಸ್‌ವರ್ಡು ಅವರವರಲ್ಲೇ ಇರಲಿ.

ಮೇ ತಿಂಗಳು. ಉದಗೀರ ರಸ್ತೆಯ ಚಹಾದಂಗಡಿ.
ಹುಡುಗ ಫೋನು ಚಾಚಿದ:
“ಅಣ್ಣಾ, ಯಾರ್ದೋ ಅರ್ಧ ಗ್ಲಾಸ್ ನೀರಂತ,
ಎರಡು ಗೆರಿ ತೋರಸ್ತದ. ಪಾಸ್‌ವರ್ಡ್ ಗೊತ್ತದೇನು?”

ಇಲ್ಲ ಅಂದೆ.
ಅವನು ತಂದು ಕುಕ್ಕಿದ ಸ್ಟೀಲಿನ ಗ್ಲಾಸು
ಕಂಠದ ತನಕ ತುಂಬಿ, ಟೇಬಲಿನ ಮೇಲೆಲ್ಲ ಚೆಲ್ಲಿತ್ತು.
ಸ್ವಲ್ಪ ಹೊತ್ತು ಮುಟ್ಟಲಿಲ್ಲ.
ಆಮೇಲೆ ಕುಡಿದೆ, ಪೂರ್ತಿ.